ತಂದೆ ಕುದುರೆಯ ಲೆಕ್ಕದಲ್ಲಿ ತಾಯಿ ಎಲ್ಲಿ?

ಅನುವಂಶೀಯತೆಯ ಪಾಠ ಬಂತೆಂದರೆ ನಾವು ಶಿಕ್ಷಕರು ಮೆಂಡೆಲನ ಬಟಾಣಿ ಗಿಡ ಹಿಡಿದು ನಿಲ್ಲುತ್ತೇವೆ. ಎತ್ತರದ ಗಿಡ, ಗಿಡ್ಡ ಗಿಡ, 3:1. ಪರೀಕ್ಷೆಗೆ ಅಷ್ಟು ಸಾಕು. ಆದರೆ ಬಟಾಣಿ ಗಿಡದ ತಂದೆ ಯಾರೆಂದು ಯಾರೂ ಕೋಟಿಗಟ್ಟಲೆ ದುಡ್ಡು ಸುರಿಯುವುದಿಲ್ಲ. ಸುರಿಯುವುದು ರೇಸಿನ ಕುದುರೆಯ ಮೇಲೆ. ಅಷ್ಟು ದುಡ್ಡಿದ್ದ ಕಡೆ ಲೆಕ್ಕ ಚೊಕ್ಕವಾಗಿರಬೇಕಲ್ಲ? ಇರುವುದಿಲ್ಲ. ಯಾಕೆ ಇರುವುದಿಲ್ಲ ಅನ್ನುವುದರಲ್ಲಿ ನಿಮಗೆ ಕಲಿಯಲಿಕ್ಕೆ ಬಹಳ ಇದೆ. (ಪಂದ್ಯ ಕಟ್ಟುವುದನ್ನು ಕಲಿಸಲು ಹೊರಟಿಲ್ಲ ಮತ್ತೆ. ಆ ಹುಚ್ಚು ಹತ್ತಿದ ಮನೆಗಳನ್ನು ನೀವೂ ನೋಡಿರುತ್ತೀರಿ.)

ಓಟದ ಕುದುರೆಯ ಈ ತಳಿಗೆ ಥರೋಬ್ರೆಡ್ ಎಂದು ಹೆಸರು. ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅದರ ವಂಶಾವಳಿಯ ಪುಸ್ತಕ 1791ರಲ್ಲೇ ಅಚ್ಚಾಯಿತು. ಇವತ್ತಿನ ಯಾವ ಥರೋಬ್ರೆಡ್ಡಿನ ತಂದೆ, ತಂದೆಯ ತಂದೆ ಎಂದು ಹಿಂದೆ ಹಿಂದೆ ಹೋದರೂ ಕೊನೆಗೆ ಮುಟ್ಟುವುದು ಮೂರೇ ಗಂಡು ಕುದುರೆಗಳಿಗೆ: ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್, ಬೈಯರ್ಲಿ ಟರ್ಕ್. ತುಮಕೂರು ಜಿಲ್ಲೆಯ ಕುಣಿಗಲ್ ಫಾರ್ಮಿನಲ್ಲಿ ಹುಟ್ಟಿದ ಮರಿಗಳೂ ಇದೇ ಬಳ್ಳಿಯವು. ಇನ್ನೊಂದು ವಿಶೇಷ ಅಂದರೆ, ಹಸು ಎಮ್ಮೆಗಳಿಗೆ ಮಾಡಿಸುವ ಹಾಗೆ ಕೃತಕ ಗರ್ಭಧಾರಣೆ ಈ ತಳಿಯಲ್ಲಿ ನಡೆಯುವುದಿಲ್ಲ. ಮಾಡಿಸಿದರೆ ಆ ಮರಿಯ ಹೆಸರು ಪುಸ್ತಕಕ್ಕೆ ಏರುವುದಿಲ್ಲ. ಹಾಗಾಗಿ ಹೆಸರಾದ ಗಂಡು ಕುದುರೆಗೆ ಒಂದೊಂದು ಹೆಣ್ಣು ಕುದುರೆಯ ಲೆಕ್ಕದಲ್ಲಿ ದೊಡ್ಡ ಶುಲ್ಕ.

ಆ ಶುಲ್ಕ ಎಷ್ಟಿರಬೇಕು? ಸಾಮಾನ್ಯವಾಗಿ ನೋಡುವುದು ಆ ಕುದುರೆ ತಾನು ಎಷ್ಟು ಪಂದ್ಯ ಗೆದ್ದಿತು ಎಂದು. ನಮ್ಮ ಜತ್ತ, ಅಕ್ಕಲಕೋಟೆ ಕಡೆಯ ರೈತ ಇಲ್ಲೇ ತಡೆಯುತ್ತಾನೆ. ಖಿಲ್ಲಾರಿ ಹೋರಿ ಎಷ್ಟೇ ಚಂದ ಇರಲಿ, ಅವನು ಕೇಳುವುದು ಒಂದೇ: "ಹೋರಿ ಬಿಡ್ರಿ, ಇದರ ಕರಾ ಹೆಂಗದಾವ ತೋರಸ್ರಿ." ಹಾಲಿನ ತಳಿಯಾದರೆ ಇನ್ನೂ ಸ್ಪಷ್ಟ. ಹೋರಿ ಹಾಲು ಕೊಡುವುದಿಲ್ಲ. ಅದರ ಹೆಣ್ಣು ಕರುಗಳು ದೊಡ್ಡವಾಗಿ ಎಷ್ಟು ಹಾಲು ಕೊಟ್ಟವು ಎಂಬುದರ ಮೇಲೆಯೇ ಅದರ ಬೆಲೆ.

ಕುದುರೆಯಲ್ಲಿ ಹಾಗೆ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಲೆಕ್ಕ ಹಾಕಿ ನೋಡಿ. ಮೂರನೇ ವಯಸ್ಸಿಗೆ ಓಟ ನಿಲ್ಲಿಸಿದ ಕುದುರೆ ನಾಲ್ಕನೇ ವಯಸ್ಸಿಗೆ ಫಾರ್ಮಿಗೆ ಬರುತ್ತದೆ. ಹೆಣ್ಣು ಕುದುರೆಯ ಗರ್ಭ ಸುಮಾರು 11 ತಿಂಗಳು. ಹುಟ್ಟಿದ ಮರಿ ಪಂದ್ಯಕ್ಕೆ ಇಳಿಯಲು ಎರಡು ವರ್ಷವಾಗಬೇಕು. ಅಷ್ಟರಲ್ಲಿ ತಂದೆಗೆ ಏಳು ವರ್ಷ. ಅಲ್ಲಿಯ ತನಕ ನಡೆಯುವುದೆಲ್ಲ ಹೆಸರಿನ ವ್ಯಾಪಾರ.

ಅಮೆರಿಕದ ಸೆಕ್ರೆಟೇರಿಯಟ್ ಕುದುರೆಯ ಕಥೆ ಕೇಳಿ. 1973ರಲ್ಲಿ ಅಲ್ಲಿನ ಮೂರು ದೊಡ್ಡ ಪಂದ್ಯಗಳನ್ನೂ ಗೆದ್ದಿತು. ಕೊನೆಯದಾದ ಬೆಲ್ಮಾಂಟ್ ಪಂದ್ಯದಲ್ಲಿ ಎರಡನೆಯ ಕುದುರೆಗಿಂತ 31 ಕುದುರೆಯುದ್ದ ಮುಂದಿತ್ತು. ಒಂದೂವರೆ ಮೈಲಿಗೆ 2 ನಿಮಿಷ 24 ಸೆಕೆಂಡು. ಆ ದಾಖಲೆ ಇನ್ನೂ ಮುರಿದಿಲ್ಲ. ಆ ಮೂರು ಪಂದ್ಯಗಳಿಗೆ ಮೊದಲೇ ಅದರ ತಳಿಹಕ್ಕನ್ನು 32 ಪಾಲು ಮಾಡಿ 60 ಲಕ್ಷ ಡಾಲರಿಗೂ ಮೇಲೆ ಮಾರಿದ್ದರು. ಒಳ್ಳೊಳ್ಳೆಯ ಹೆಣ್ಣು ಕುದುರೆಗಳನ್ನು ಹುಡುಕಿ ತಂದು ಅದರೊಡನೆ ಕೂಡಿಸಿದರು. 600ಕ್ಕೂ ಹೆಚ್ಚು ಮಕ್ಕಳಾದವು. ಅವುಗಳಲ್ಲಿ ಲೇಡೀಸ್ ಸೀಕ್ರೆಟ್, ರೈಸನ್ ಸ್ಟಾರ್‌ನಂಥ ಗಟ್ಟಿಗರೂ ಇದ್ದರು. ಆದರೂ ತನ್ನಂಥದ್ದೇ ಇನ್ನೊಂದನ್ನು ಅದು ಕೊಡಲಿಲ್ಲ. ಗಂಡು ಮಕ್ಕಳಲ್ಲಿ ತಂದೆಯಾಗಿ ಹೆಸರು ಮಾಡಿದವು ಇಲ್ಲವೆನ್ನುವಷ್ಟು ಕಡಿಮೆ. ಇದಕ್ಕೆ ಎದುರಾಗಿ ಡಾನ್‌ಜಿಗ್ ಎಂಬ ಕುದುರೆ. ಓಡಿದ್ದು ಮೂರೇ ಪಂದ್ಯ. ಮೂರನ್ನೂ ಗೆದ್ದಿತು, ಆಮೇಲೆ ಮೊಣಕಾಲು ಕೈಕೊಟ್ಟಿತು. ಅದೇ ಡಾನ್‌ಜಿಗ್ 1991ರಿಂದ 1993ರವರೆಗೆ ಸತತ ಮೂರು ವರ್ಷ ಉತ್ತರ ಅಮೆರಿಕದ ಮೊದಲ ಸ್ಥಾನದ ತಂದೆ ಕುದುರೆ.

ಹಾಗಾದರೆ ಮಕ್ಕಳನ್ನು ಎಣಿಸಿದರೆ ಮುಗಿಯಿತೇ? ಅಲ್ಲಿಯೂ ಮೋಸ ಹೋಗುತ್ತೇವೆ. ಒಂದು ಕುದುರೆಗೆ ಗೆದ್ದ ಮಕ್ಕಳು 60, ಇನ್ನೊಂದಕ್ಕೆ 24 ಎಂದಿಟ್ಟುಕೊಳ್ಳಿ. ಜಾಹೀರಾತಿನಲ್ಲಿ 60 ದಪ್ಪ ಅಕ್ಷರದಲ್ಲಿ ಕುಳಿತಿರುತ್ತದೆ. ನೀವು ಛೇದ ಕೇಳಬೇಕು. ಮೊದಲನೆಯದಕ್ಕೆ ಹುಟ್ಟಿದ ಮಕ್ಕಳು 200, ಎರಡನೆಯದಕ್ಕೆ 48 ಆಗಿದ್ದರೆ ಒಂದು ಶೇ. 30, ಇನ್ನೊಂದು ಶೇ. 50. ಛೇದದಲ್ಲೂ ಕಳ್ಳದಾರಿ ಉಂಟು. "ಓಡಿದವುಗಳಲ್ಲಿ ಇಷ್ಟು ಗೆದ್ದವು" ಎಂದು ಬರೆದುಬಿಟ್ಟರೆ, ಕಾಲು ಮುರಿದು ಓಟಕ್ಕೇ ಬಾರದ ಮರಿಗಳು ಲೆಕ್ಕದಿಂದ ಮಾಯ. ನನ್ನ ಕೇಳಿದರೆ ಛೇದ ಹುಟ್ಟಿದ ಮರಿಗಳದ್ದೇ ಆಗಬೇಕು.

ಇಷ್ಟಾದರೂ ಅರ್ಧ ಪ್ರಶ್ನೆ ಉಳಿಯಿತು. ಮರಿಯ 32 ಜೋಡಿ ವರ್ಣತಂತುಗಳಲ್ಲಿ ಪ್ರತಿ ಜೋಡಿಯ ಒಂದು ತಾಯಿಯದು. ಗರ್ಭ ತಾಯಿಯದು, ಹಾಲು ತಾಯಿಯದು. ದುಬಾರಿ ಗಂಡಿಗೆ ಬರುವುದು ಉತ್ತಮ ಹೆಣ್ಣು ಕುದುರೆಗಳೇ. ಹುಟ್ಟಿದ ಮರಿ ಗೆದ್ದರೆ ಹೊಗಳಿಕೆಯೆಲ್ಲ ಅಪ್ಪನಿಗೆ! ಇದನ್ನು ತೂಗಿ ನೋಡಲು ಅಮೆರಿಕದಲ್ಲಿ ಎರಡು ಸೂಚ್ಯಂಕಗಳಿವೆ. ಒಂದು, ಈ ಗಂಡಿನ ಮಕ್ಕಳ ಸರಾಸರಿ ಗಳಿಕೆ. ಎಲ್ಲ ಕುದುರೆಗಳ ಸರಾಸರಿಯನ್ನು 1 ಎಂದು ಹಿಡಿದದ್ದು. ಇನ್ನೊಂದು, ಅವೇ ತಾಯಂದಿರು ಬೇರೆ ಗಂಡುಗಳಿಂದ ಪಡೆದ ಮಕ್ಕಳ ಗಳಿಕೆ. ಒಂದು ಕುದುರೆಯದು 2.0, ಅವೇ ತಾಯಂದಿರಿಗೆ ಬೇರೆಡೆ 2.4 ಅನ್ನಿ. ಅದು ತಾಯಂದಿರ ಮಟ್ಟವನ್ನು ಇಳಿಸಿತು. ಇನ್ನೊಂದರದು 1.3, ತಾಯಂದಿರಿಗೆ ಬೇರೆಡೆ 0.9. ಇದು ಏರಿಸಿತು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಪ್ರಯೋಗಾಲಯದಲ್ಲಿ ಒಂದು ಗಿಡಕ್ಕೆ ಗೊಬ್ಬರ ಹಾಕಿ, ಹಾಕದ ಗಿಡವನ್ನು ಪಕ್ಕದಲ್ಲಿಟ್ಟು ನೋಡುತ್ತೀರಲ್ಲ, ಅದೇ ಇದು.

ಬಸ್ ಸ್ಟ್ಯಾಂಡಿನಲ್ಲಿ "100ಕ್ಕೆ 100 ಫಲಿತಾಂಶ" ಎಂಬ ಫ್ಲೆಕ್ಸ್ ನೋಡಿದಾಗೆಲ್ಲ ನನಗೆ ಈ ಎರಡನೆಯ ಸೂಚ್ಯಂಕ ನೆನಪಾಗುತ್ತದೆ. ಸೇರಿಸಿಕೊಳ್ಳುವಾಗಲೇ ಸೋಸಿ ತೆಗೆದುಕೊಂಡ ಶಾಲೆ ಅದು. ಗಡಿಯ ಕನ್ನಡ ಶಾಲೆ ಬಾಗಿಲಿಗೆ ಬಂದವರನ್ನೆಲ್ಲ ಕೂಡಿಸಿಕೊಳ್ಳುತ್ತದೆ. ಇವೇ ಮಕ್ಕಳು ಅಲ್ಲಿ ಓದಿದ್ದರೆ ಎಷ್ಟು ಬರುತ್ತಿತ್ತು ಎಂದು ಯಾರಾದರೂ ಕೇಳಿದ್ದಾರಾ?

ಆ ಸೂಚ್ಯಂಕವೂ ಪೂರ್ತಿ ನಿಜ ಹೇಳುವುದಿಲ್ಲ ಅನ್ನಿ. ಹೆಸರಾದ ಅಪ್ಪನ ಮರಿಗೆ ಒಳ್ಳೆಯ ತರಬೇತಿದಾರ, ಒಳ್ಳೆಯ ಸವಾರ ಸಿಗುತ್ತಾನೆ. 2008ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಸಾವಿರಾರು ಥರೋಬ್ರೆಡ್‌ಗಳ ಗಳಿಕೆಯನ್ನು ಜಾಲಾಡಿದರು. ಕುದುರೆಗಳ ಜೀವಮಾನದ ಗಳಿಕೆಯಲ್ಲಿನ ವ್ಯತ್ಯಾಸಕ್ಕೆ ವಂಶವಾಹಿ ಕಾರಣವಾದದ್ದು ಸುಮಾರು ಶೇ. 10 ಮಾತ್ರ. ತಂದೆಗೆ ಕೊಡುವ ಶುಲ್ಕ ನೋಡಿ ಅದರ ವಂಶವಾಹಿ ಎಷ್ಟು ಒಳ್ಳೆಯದು ಎಂದು ಹೇಳುವಂತೆಯೂ ಇರಲಿಲ್ಲ.

ತಪ್ಪು ಲೆಕ್ಕದಿಂದ ಹೋಗುವುದು ಶ್ರೀಮಂತರ ದುಡ್ಡು ತಾನೇ, ನಮಗೇನು ಅನ್ನಬೇಡಿ. ಎಲ್ಲರೂ ಒಂದೇ ಹೆಸರಿನ ಹಿಂದೆ ಓಡಿದರೆ ತಳಿ ಕಿರಿದಾಗುತ್ತದೆ, ರಕ್ತಸಂಬಂಧಿಗಳೇ ಕೂಡುವುದು ಹೆಚ್ಚುತ್ತದೆ. ಇದಕ್ಕೇ ಅಮೆರಿಕದ ಜಾಕಿ ಕ್ಲಬ್ 2020ರಲ್ಲಿ, ಒಂದು ಗಂಡಿಗೆ ವರ್ಷಕ್ಕೆ 140 ಹೆಣ್ಣಿಗಿಂತ ಹೆಚ್ಚು ಬೇಡ ಎಂದು ನಿಯಮ ಮಾಡಿತು. ದೊಡ್ಡ ಫಾರ್ಮುಗಳು ಕೋರ್ಟಿಗೆ ಹೋದವು. 2022ರಲ್ಲಿ ನಿಯಮ ವಾಪಸ್. ಆ ನಿಯಮ ಉಳಿಯಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಮತ್ತೆ ಸೆಕ್ರೆಟೇರಿಯಟ್‌ಗೆ ಬರೋಣ. ಅದರ ಹೆಣ್ಣು ಮಕ್ಕಳು ಫಾರ್ಮಿಗೆ ಹೋದವು, ತಾಯಂದಿರಾದವು. ಅವುಗಳ ಮಕ್ಕಳೇ ಸ್ಟಾರ್ಮ್ ಕ್ಯಾಟ್, ಎ.ಪಿ. ಇಂಡಿ, ಗಾನ್ ವೆಸ್ಟ್: ಮುಂದೆ ಅಮೆರಿಕದ ಅತಿ ದೊಡ್ಡ ತಂದೆ ಕುದುರೆಗಳಾದವು. ಸ್ಟಾರ್ಮ್ ಕ್ಯಾಟ್‌ನ ಶುಲ್ಕ ಒಂದು ಕಾಲಕ್ಕೆ ಐದು ಲಕ್ಷ ಡಾಲರ್ ಮುಟ್ಟಿತು. ತಂದೆಯ ಎಕ್ಸ್ ವರ್ಣತಂತು ಹೋಗುವುದು ಮಗಳಿಗೆ ಮಾತ್ರ. ಹಾಗಾಗಿ ಸೆಕ್ರೆಟೇರಿಯಟ್‌ನ ದೊಡ್ಡ ಹೃದಯ ಆ ದಾರಿಯಲ್ಲೇ ಇಳಿಯಿತು ಎಂದು ಹಲವರು ನಂಬಿದ್ದಾರೆ. ಅದು ಸಾಬೀತಾಗಿಲ್ಲ. ಅದರ ಹೃದಯ ಸುಮಾರು 10 ಕಿಲೋ ಇತ್ತೆಂದು ಎಲ್ಲ ಕಡೆ ಬರೆಯುತ್ತಾರೆ. ಸತ್ತ ಮೇಲೆ ಕೊಯ್ದು ನೋಡಿದ ವೈದ್ಯರು ಅದನ್ನು ತಕ್ಕಡಿಗೆ ಹಾಕಿರಲೇ ಇಲ್ಲ. ಅದು ಅವರ ಅಂದಾಜು.