ಒಂದೇ ಲ್ಯಾಪ್‌ಟಾಪ್, ಎರಡು ಪಾಲು

ದೀಪಾವಳಿಗೆ ಇಂಗಳೇಶ್ವರಕ್ಕೆ ಹೋಗಿದ್ದೆ. ಚಹಾ ಕುಡಿದು ಮುಗಿಸುವ ಮೊದಲೇ ಕಾಕಾ ಲ್ಯಾಪ್‌ಟಾಪ್ ತಂದು ಮುಂದಿಟ್ಟರು. "ತಮ್ಮಾ, ಇನ್ನ ಅಪ್‌ಡೇಟ್ ಬರಾಂಗಿಲ್ಲ ಅಂತ ಹೇಳಾಕತ್ತೈತಿ ನೋಡು. ಹೊಸಾದು ತಗೋಬೇಕೇನು?"

ಅದು ವಿಂಡೋಸ್ 10. 2025ರ ಅಕ್ಟೋಬರ್ 14ಕ್ಕೆ ಅದರ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಆಮೇಲೂ ಕೆಲಕಾಲ ಭದ್ರತಾ ಅಪ್‌ಡೇಟ್ ಸಿಗುವ ವ್ಯವಸ್ಥೆ ಇತ್ತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನದಾದರೂ ಇರಬೇಕು. ಕಾಕಾ ಅವರದು 2016ರ ಮಷಿನ್.

"ಲಿನಕ್ಸ್ ಹಾಕಿಬಿಡೂಣ್ರಿ ಕಾಕಾ, ರೊಕ್ಕ ಹತ್ತೂದಿಲ್ಲ" ಅಂದೆ.

ಕಾಕಾನ ಮುಖ ಸಣ್ಣದಾಯಿತು. "ಮತ್ತ ಆಯಿ ಹಾಡು?"

ನಮ್ಮ ಆಯಿ ಬೀಸುವಾಗ, ಮದುವೆ ಮನೆಯಲ್ಲಿ, ತೊಟ್ಟಿಲ ಮುಂದೆ ಹಾಡುತ್ತಿದ್ದ ಹಾಡುಗಳನ್ನು ಸಾಲಿ ಮಾಸ್ತರರಾಗಿದ್ದ ಕಾಕಾ ನಿವೃತ್ತಿಯ ಮೇಲೆ ಕೂತು ಟೈಪ್ ಮಾಡಿದ್ದಾರೆ. ಎಲ್ಲವೂ ಹಳೆಯ ನುಡಿ ತಂತ್ರಾಂಶದಲ್ಲಿ. ಅದು ನಡೆಯುವುದು ವಿಂಡೋಸಿನಲ್ಲಿ. ಆಯಿ ಈಗಿಲ್ಲ, ಬರೆದುಕೊಂಡಿದ್ದ ನೋಟ್‌ಬುಕ್ ಮಳೆಯಲ್ಲಿ ತೊಯ್ದು ಹೋಗಿದೆ.

ಹಾಗಾಗಿ ವಿಂಡೋಸ್ ತೆಗೆಯುವಂತಿಲ್ಲ, ಅದೊಂದನ್ನೇ ನಂಬಿ ಇಂಟರ್ನೆಟ್ಟಿಗೂ ಹೋಗುವಂತಿಲ್ಲ. ಇದಕ್ಕೆ ಡ್ಯುಯಲ್ ಬೂಟ್ ಒಳ್ಳೆಯ ಉಪಾಯ. ಒಂದೇ ಕಂಪ್ಯೂಟರಿನಲ್ಲಿ ಎರಡು ಆಪರೇಟಿಂಗ್ ಸಿಸ್ಟಮ್. ಆನ್ ಮಾಡಿದಾಗ ಯಾವುದು ಬೇಕೋ ಅದನ್ನು ಆರಿಸಿಕೊಳ್ಳುವುದು.

"ಒಂದ ಹೊಲದಾಗ ಇಬ್ರು ಅಣ್ಣತಮ್ಮರು ಇದ್ದಂಗ" ಅಂದರು ಕಾಕಾ.

"ಹೌದ್ರಿ. ನಡುವ ಬದು ಹಾಕೂದು, ಅಷ್ಟ."

ಬದು ಹಾಕುವ ಮೊದಲು ನನ್ನದೊಂದು ತಪ್ಪು ಹೇಳಬೇಕು. ಇಂಜಿನಿಯರಿಂಗ್ ಓದುವಾಗ ಹಾಸ್ಟೆಲ್ಲಿನಲ್ಲಿ ಗೆಳೆಯನ ಲ್ಯಾಪ್‌ಟಾಪಿಗೆ ಉಬುಂಟು ಹಾಕಲು ಹೋಗಿದ್ದೆ. 'ವಿಂಡೋಸ್ ಜೊತೆಗೆ ಹಾಕು' ಎನ್ನುವುದನ್ನು ಬಿಟ್ಟು 'ಪೂರ್ತಿ ಡಿಸ್ಕ್ ಅಳಿಸಿ ಹಾಕು' ಎನ್ನುವುದನ್ನು ಒತ್ತಿದೆ. ಅವನ ಪ್ರಾಜೆಕ್ಟ್ ರಿಪೋರ್ಟ್ ಹೋಯಿತು. ಅವನು ಬಯ್ಯಲಿಲ್ಲ, ವಾರಗಟ್ಟಲೆ ಮಾತೇ ಆಡಲಿಲ್ಲ. ಅಂದಿನಿಂದ ನನ್ನ ಮೊದಲ ಕೆಲಸ ಒಂದೇ: ಫೈಲುಗಳನ್ನು ಎರಡು ಕಡೆ ಕಾಪಿ ಮಾಡುವುದು. ಆಯಿಯ ಹಾಡುಗಳು ಒಂದು ಪೆನ್‌ಡ್ರೈವ್‌ಗೆ, ಇನ್ನೊಂದು ಪ್ರತಿ ನನ್ನ ಲ್ಯಾಪ್‌ಟಾಪಿಗೆ. ತೆರೆದು ನೋಡಿದ ಮೇಲೆಯೇ ಮುಂದಿನ ಮಾತು.

ಆಮೇಲೆ ವಿಂಡೋಸಿನೊಳಗೆ ಮೂರು ಕೆಲಸ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದ್ದರೆ ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಮುಂದೆ ವಿಂಡೋಸ್ ಅದನ್ನೇ ಕೇಳಿಕೊಂಡು ಬಾಗಿಲಲ್ಲೇ ನಿಲ್ಲಿಸಬಹುದು. ಫಾಸ್ಟ್ ಸ್ಟಾರ್ಟಪ್ ಬಂದ್ ಮಾಡಿ. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅದರ ಡಿಸ್ಕಿನಲ್ಲಿ ಲಿನಕ್ಸ್‌ನಿಂದ ಬರೆಯುವುದು ಅಪಾಯ. ಮೂರನೆಯದು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ವಿಂಡೋಸಿನ ಪಾಲು ಕುಗ್ಗಿಸಿ ಜಾಗ ಬಿಡುವುದು. ಲಿನಕ್ಸ್ ಮಿಂಟ್‌ಗೆ 20 ಜಿಬಿ ಸಾಕು, 100 ಇದ್ದರೆ ಆರಾಮ.

ಮಿಂಟ್ ತುಂಬಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿದರೆ, ಇನ್‌ಸ್ಟಾಲ್ ಮಾಡದೆಯೇ ವೈಫೈ, ಕೀಬೋರ್ಡ್, ಸೌಂಡ್ ನಡೆಯುತ್ತವೆಯೇ ಎಂದು ನೋಡಬಹುದು. ಎಲ್ಲ ಸರಿ ಇತ್ತು, ಹಾಕಿದೆವು. ಈಗ ಆನ್ ಮಾಡಿದರೆ ಗ್ರಬ್ ಎಂಬ ಪಟ್ಟಿ ಬರುತ್ತದೆ: ಮೇಲೆ ಮಿಂಟ್, ಕೆಳಗೆ ವಿಂಡೋಸ್.

ಮರುದಿನ ಕಾಕಾ ಗಾಬರಿಯಾದರು. ವಿಂಡೋಸಿನ ಗಡಿಯಾರ ಐದೂವರೆ ತಾಸು ಹಿಂದಿತ್ತು! ಇದು ಡ್ಯುಯಲ್ ಬೂಟ್ ಮಾಡಿದವರಿಗೆ ಗೊತ್ತಿರುವ ಕಿರಿಕಿರಿ. ಮಷಿನ್ನಿನ ಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನು ನಮ್ಮ ದೇಶದ ಸಮಯವೆಂದೇ ಓದುತ್ತದೆ. ಲಿನಕ್ಸ್‌ಗೂ 'ಸ್ಥಳೀಯ ಸಮಯವನ್ನೇ ಇಡು' ಎಂದು ಹೇಳಿದರೆ ಮುಗಿಯಿತು.

ಉಳಿದದ್ದು ಹಾಡು. ನಮ್ಮೂರ ವಚನ ಶಿಲಾಮಂಟಪದಲ್ಲಿ ಕಲ್ಲಿನ ಮೇಲೆ ಕೆತ್ತಿದ ಅಕ್ಷರಗಳನ್ನು ಯಾರು ಬಂದರೂ ಓದಬಹುದು. ಹಳೆಯ ನುಡಿ ಫೈಲು ಹಾಗಲ್ಲ. ಅದರ ಫಾಂಟ್ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಸದಂತೆ ಕಾಣುತ್ತದೆ. ಅದನ್ನು ಯೂನಿಕೋಡ್‌ಗೆ ಪರಿವರ್ತಿಸಬೇಕು, ಒತ್ತಕ್ಷರ, ಅರ್ಕಾವತ್ತು ಸರಿ ಬಂದಿವೆಯೇ ಎಂದು ಕಣ್ಣಾರೆ ನೋಡಬೇಕು. ತಿದ್ದಲು ಕಾಕಾ ಹೊಸ ಕೀಲಿಮಣೆ ಕಲಿಯಬೇಕಿಲ್ಲ, ಕೆ.ಪಿ. ರಾವ್ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆ ಲಿನಕ್ಸ್‌ನಲ್ಲೂ ಐಬಸ್ ಮೂಲಕ ಸಿಗುತ್ತದೆ.

ಮೊದಲ ಹಾಡು ಸರಿಯಾದ ಕೂಡಲೇ ಹುಬ್ಬಳ್ಳಿಯಲ್ಲಿರುವ ಅಕ್ಕನಿಗೆ ವಾಟ್ಸ್ಯಾಪ್ ಮಾಡಿದೆವು. ಐದು ನಿಮಿಷಕ್ಕೆ ಫೋನ್ ಬಂತು. ಓದಿ ಹೇಳುತ್ತಾಳೆ ಅಂದುಕೊಂಡರೆ, ಆಯಿಯ ಧಾಟಿಯಲ್ಲೇ ಹಾಡಿಬಿಟ್ಟಳು. ಕಾಕಾ ಕನ್ನಡಕ ತೆಗೆದು ಒರೆಸಿಕೊಂಡರು.

"ಇನ್ನ ವಿಂಡೋಸ್ ಪಾಲು ತಗದುಬಿಡೂದೇನು?" ಅಂತ ಕೇಳಿದರು ಆಮೇಲೆ.

"ಬ್ಯಾಡ್ರಿ. ಎಲ್ಲಾ ಹಾಡು ಈ ಕಡೆ ಬರೂತನಕ ಇರ್ಲಿ. ನೆಟ್ ಒಂದು ಅದರಾಗ ಹಚ್ಚಬ್ಯಾಡ್ರಿ."

ಈಗ ದಿನಕ್ಕೊಂದು ಹಾಡು ಬದು ದಾಟಿ ಬರುತ್ತಿದೆ.