ಶಾಲೆಗೆ ರಜೆ, ಹೆದ್ದಾರಿಗೆ ಯಾಕಿಲ್ಲ?

ಹವಾಮಾನ ಇಲಾಖೆಯಿಂದ ರೆಡ್ ಅಲರ್ಟ್ ಬಂತೆಂದರೆ ಕರಾವಳಿಯ ಜಿಲ್ಲಾಡಳಿತಗಳು ಶಾಲೆ, ಅಂಗನವಾಡಿಗಳಿಗೆ ರಜೆ ಕೊಡುತ್ತವೆ. ಮೀನುಗಾರರಿಗೆ ಕಡಲಿಗಿಳಿಯಬೇಡಿ ಎನ್ನುತ್ತವೆ. ಗುಡ್ಡ ಕಡಿದು ಮಾಡಿದ ಹೆದ್ದಾರಿಯಲ್ಲಿ ಮಾತ್ರ ಅದೇ ಮಳೆಯಲ್ಲಿ ಗ್ಯಾಸ್ ಟ್ಯಾಂಕರು, ಲಾರಿ, ಬಸ್ಸು ಎಲ್ಲವೂ ಎಂದಿನಂತೆ ಓಡುತ್ತಿರುತ್ತವೆ.

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಜಾರಿತು. ರಸ್ತೆ ಬದಿಯ ಚಹಾದಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ಅಲ್ಲಿ ನಿಂತಿದ್ದ ವಾಹನಗಳು ಮಣ್ಣಿನ ಪಾಲಾದವು. ಟ್ಯಾಂಕರೊಂದು ಗಂಗಾವಳಿ ನದಿಯಲ್ಲಿ ತೇಲಿಹೋಯಿತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೂ ಬಡಿಯಿತು. ಅಂದು ನದಿಪಾಲಾದ ಕೇರಳದ ಲಾರಿಯೊಂದನ್ನು ಎತ್ತಿದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ, ಗೋವಾದಿಂದ ಡ್ರೆಜರ್ ತರಿಸಿ.

ಆಮೇಲಿನ ಜಗಳವೆಲ್ಲ ಗುಡ್ಡವನ್ನು ಕಡಿದಾಗಿ ಕತ್ತರಿಸಿದವರು ಯಾರು ಎಂಬುದರ ಸುತ್ತ ನಡೆಯಿತು. ನಡೆಯಬೇಕಾದ ಜಗಳವೇ ಅದು. ಆದರೆ ಆ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ನುಣುಚಿಕೊಂಡಿತು. ಅಷ್ಟು ಮಳೆಯಲ್ಲೂ ಆ ರಸ್ತೆ ತೆರೆದಿರಲಿ ಎಂದು ತೀರ್ಮಾನಿಸಿದ್ದು ಯಾರು? ಯಾರೂ ಅಲ್ಲ. ಯಾರಾದರೂ ತೀರ್ಮಾನಿಸಲೇಬೇಕು ಎಂಬ ಪದ್ಧತಿಯೇ ನಮ್ಮ ಘಟ್ಟದ ರಸ್ತೆಗಳಲ್ಲಿ ಬೆಳೆದಿಲ್ಲ.

ಮಾಹಿತಿ ಇರಲಿಲ್ಲ ಎನ್ನುವ ಹಾಗಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ 6,000ಕ್ಕೂ ಹೆಚ್ಚು ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ನೆಟ್ಟಿದೆ. ಅವು 15 ನಿಮಿಷಕ್ಕೊಮ್ಮೆ ಲೆಕ್ಕ ಕಳಿಸುತ್ತವೆ. ಹವಾಮಾನ ಆಧಾರಿತ ವಿಮೆಯಲ್ಲಿ ಅಡಕೆ ಬೆಳೆಗಾರನಿಗೆ ಎಷ್ಟು ಪರಿಹಾರ ಎಂದು ನಿರ್ಧಾರವಾಗುವುದೂ ಪಂಚಾಯಿತಿ ಮಟ್ಟದ ಮಳೆ ಲೆಕ್ಕದ ಮೇಲೆಯೇ. ತೋಟಕ್ಕೆ ಬಿದ್ದ ಮಳೆಗೆ ಇಷ್ಟು ಬೆಲೆಯಿದೆ. ತೋಟದ ಕೆಳಗಿನ ರಸ್ತೆಗೆ ಬಿದ್ದದ್ದಕ್ಕೆ ಇಲ್ಲ.

ಇದೇ ಕರಾವಳಿಯಲ್ಲಿ, ಇದೇ ಗುಡ್ಡಗಳ ನಡುವೆ ಹಾದುಹೋಗುವ ಕೊಂಕಣ ರೈಲ್ವೆಯ ಲೆಕ್ಕ ಬೇರೆ. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೊರಟ ರೈಲು ವೈಭವವಾಡಿ ಬಳಿ ಹಳಿ ಮೇಲೆ ಬಿದ್ದ ಬಂಡೆ, ಮಣ್ಣಿಗೆ ಬಡಿದು 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹಳಿ ತಪ್ಪಿತು. ಇಂದು ಅಲ್ಲಿ ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ. ಕಾರವಾರ, ಭಟ್ಕಳ, ಉಡುಪಿ ನಿಲ್ದಾಣಗಳಲ್ಲಿ ಮಳೆಮಾಪಕ. ಹೊನ್ನಾವರದ ಶರಾವತಿ ಸೇತುವೆಯ ಮೇಲೆ ಗಾಳಿಮಾಪಕ. ಜೋರು ಮಳೆಗೆ ಮುಂದಿನ ದಾರಿ ಮಸುಕಾದರೆ ಚಾಲಕ ವೇಗವನ್ನು 40 ಕಿ.ಮೀ.ಗೆ ಇಳಿಸಬೇಕು. ರೈಲಿಗೆ ಹೊಂದಿಸಿಕೊಂಡ ಶಿಸ್ತು ಪಕ್ಕದ ಟಾರು ರಸ್ತೆಗೆ ದುಬಾರಿ ಹೇಗಾದೀತು?

ಜಪಾನ್ ಈ ಪಾಠವನ್ನು ಹೆಣ ಎಣಿಸಿಯೇ ಕಲಿತದ್ದು. 1968ರ ಆಗಸ್ಟ್ 18ರಂದು ಅಲ್ಲಿನ 41ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಎರಡು ಪ್ರವಾಸಿ ಬಸ್ಸುಗಳು ಭೂಕುಸಿತಕ್ಕೆ ಸಿಕ್ಕಿ ಹಿಡಾ ನದಿಗೆ ಉರುಳಿದವು. 104 ಮಂದಿ ಸತ್ತರು. ದೇವರ ಆಟ ಎಂದು ಕೈತೊಳೆದುಕೊಳ್ಳಲು ನ್ಯಾಯಾಲಯ ಬಿಡಲಿಲ್ಲ. ರಸ್ತೆ ನಿರ್ವಹಣೆಯ ಹೊಣೆ ಸರ್ಕಾರದ್ದೆಂದು ನಗೋಯಾ ಹೈಕೋರ್ಟ್ 1974ರಲ್ಲಿ ತೀರ್ಪಿತ್ತಿತು. ಅಪಾಯದ ಭಾಗಗಳನ್ನು ಗುರುತಿಸಿ, ನಿಗದಿಯಾದಷ್ಟು ಮಳೆ ಬಿದ್ದೊಡನೆ, ಗುಡ್ಡ ಕುಸಿಯುವ ಮೊದಲೇ ರಸ್ತೆ ಮುಚ್ಚುವ ಪದ್ಧತಿ ಅಲ್ಲಿ ಬಂದದ್ದು ಆ ದುರಂತದ ನಂತರ.

ಶಿರಾಡಿ ಘಾಟಿಯ ರಸ್ತೆ ಮುಚ್ಚಿದರೆ ಮಂಗಳೂರು ಬಂದರಿನ ಗತಿಯೇನು, ಆಂಬುಲೆನ್ಸ್ ಎಲ್ಲಿಂದ ಹೋಗಬೇಕು ಎಂದು ಕೇಳುವವರಿದ್ದಾರೆ. ಕೇಳಲಿ. ಶಿರೂರಿನ ಗುಡ್ಡ ಜಾರಿದ ಅದೇ ಜುಲೈನಲ್ಲಿ ದೊಡ್ಡತಪ್ಪಲೆಯಲ್ಲಿ ಮಣ್ಣು ಕುಸಿದು ಶಿರಾಡಿ ಹೇಗೂ ಬಂದ್ ಆಗಿತ್ತು. ಮಳೆ ನೋಡಿ ಮುಚ್ಚಿದರೆ ನಷ್ಟ ಕೆಲವು ಗಂಟೆಗಳದ್ದು, ಗುಡ್ಡ ಬಿದ್ದ ಮೇಲೆ ದಿನಗಟ್ಟಲೆಯದ್ದು. ಚಾಲಕರ ಕಷ್ಟ ಮಾತ್ರ ನಿಜ. ಗುಂಡ್ಯದಲ್ಲೋ ಮಾರನಹಳ್ಳಿಯಲ್ಲೋ ತಡೆದ ಲಾರಿಯವನಿಗೆ ನಿಲ್ಲಲು ಜಾಗ, ಶೌಚಾಲಯ, ಬಿಸಿ ಊಟ ಇಲ್ಲದಿದ್ದರೆ ಆತ ಗೇಟು ತಪ್ಪಿಸಿ ಹೋಗಲು ನೋಡುತ್ತಾನೆ, ಅಥವಾ ಕತ್ತರಿಸಿದ ಗುಡ್ಡದ ಬುಡದಲ್ಲೇ ಗಾಡಿ ಹಾಕಿ ಮಲಗುತ್ತಾನೆ.

ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಕೋಲ್ಕತ್ತದಲ್ಲಿ ಉದ್ಘಾಟನೆಯಾದದ್ದು ಶಿರೂರಿನ ಗುಡ್ಡ ಕುಸಿದ ಮೂರು ದಿನಕ್ಕೆ. ಮುನ್ಸೂಚನೆ ಬಂದೊಡನೆ ಗೇಟು ಎಳೆಯುವ ಅಧಿಕಾರ ಬೆಂಗಳೂರು, ದೆಹಲಿಯ ಕಡತ ಕಾಯದೆ ಸ್ಥಳದ ತಹಶೀಲ್ದಾರರಿಗೋ ಪೊಲೀಸರಿಗೋ ಸಿಗಬೇಕು. ಎಷ್ಟು ಮಿಲಿಮೀಟರ್‌ಗೆ ಮುಚ್ಚುತ್ತಾರೆ, ಹೊಣೆ ಯಾವ ಅಧಿಕಾರಿಯದು ಎಂಬುದು ಘಟ್ಟದ ಎರಡೂ ತುದಿಯಲ್ಲಿ ಕನ್ನಡ, ಮಲಯಾಳಂ, ಹಿಂದಿಯಲ್ಲಿ ಬರೆದಿರಬೇಕು. ಅದು ಮುಂದಿನ ಜೂನ್‌ಗೆ ಮೊದಲೇ ಆಗಬೇಕು.