ಹಿತ್ತಿಲ ಕೊಳದ ಮೀನು ಮತ್ತು ಶ್ರಾವಕನ ವ್ರತ

ಅಹಿಂಸಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನಿಗೆ ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂಬ ಐದು ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾರೆ. ಇಲ್ಲಿ ವಧವೆಂದರೆ ಹೊಡೆಯುವುದು. ಕೊಂದರೆ ವ್ರತವೇ ಮುರಿಯುತ್ತದೆ. ಈ ಪಟ್ಟಿಯಲ್ಲಿ ಮೊದಲು ಬರುವುದು ಬಂಧ. ಒಂದು ಜೀವಿ ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ಅವರ ತಪೋಭೂಮಿಯೆಂದು ಪರಂಪರೆ ನಂಬುವ ಮಲೆಯೂರಿನ ಕನಕಗಿರಿಯು ನಂಜನಗೂಡು ಸೀಮೆಯ ಕಳಲೆಗೆ ಬಹು ದೂರವೇನಲ್ಲ.

ಆ ಕಳಲೆಯಂತಹ ಊರುಗಳ ಹಿತ್ತಿಲುಗಳಲ್ಲಿಯೂ ಈಗ ಸಿಮೆಂಟಿನ ಪುಟ್ಟ ಕೊಳ, ಎರಡು ನೈದಿಲೆ, ಹತ್ತಾರು ಬಣ್ಣದ ಮೀನುಗಳು ಕಾಣಸಿಗುತ್ತವೆ. ಮೀನು ಸಾಕುವುದು ಜೀವದಯೆಯೇ ಎಂದು ಹಲವರು ಭಾವಿಸುತ್ತಾರೆ. ಅಂಗಡಿಯ ಗಾಜಿನ ಪೆಟ್ಟಿಗೆಯಿಂದ ಬಿಡಿಸಿ ತಂದೆವು ಎಂಬ ಸಮಾಧಾನವೂ ಉಂಟು. ಆದರೆ ಹತ್ತು ಮೀನು ಮಾರಿದ ಅಂಗಡಿಯವನು ಮರುವಾರ ಇಪ್ಪತ್ತನ್ನು ತರಿಸುತ್ತಾನೆ. ಕೊಂಡವನು ಬಿಡಿಸಿದ್ದಕ್ಕಿಂತ ಬೇಡಿಕೆ ಹೆಚ್ಚಿಸಿದ್ದೇ ಅಧಿಕ. ಆದ್ದರಿಂದ ಅಲಂಕಾರಕ್ಕೆಂದು ಹೊಸದಾಗಿ ಮೀನು ಕೊಳ್ಳದಿರುವುದೇ ಶ್ರಾವಕನಿಗೆ ಲೇಸು. ಈಗಾಗಲೇ ಕೊಳದಲ್ಲಿರುವ ಮೀನುಗಳ ವಿಷಯ ಬೇರೆ. ಕೂಡಿಹಾಕಿದವನ ಮೇಲೆ ಅವುಗಳ ಋಣವಿದೆ. ಮೀನು ಪಂಚೇಂದ್ರಿಯ ಜೀವಿ. ಅದರ ನೋವನ್ನು ಹುಲ್ಲಿನ ನೋವಿನೊಡನೆ ಸಮನಾಗಿ ಎಣಿಸಲಾಗದು.

ಆ ಋಣದಲ್ಲಿ ಆಹಾರಕ್ಕಿಂತ ಮೊದಲು ನೀರು ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದನ್ನು ಎತ್ತರದಿಂದ ಸುರಿಸಿ ಗಾಳಿಯಾಡಿಸಬೇಕು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲು ಒಂದೆರಡು ದಿನ ತೆರೆದಿಡಬೇಕು. ಸ್ವಚ್ಛತೆಯ ಹುರುಪಿನಲ್ಲಿ ಕೊಳವನ್ನು ಪೂರ್ತಿ ಬರಿದು ಮಾಡಿ ತುಂಬಿದರೆ ಮೀನು ತಾಳದು. ಕಾಲುಭಾಗ ಬದಲಿಸಿದರೆ ಸಾಕು. ಬೇಸಿಗೆಯಲ್ಲಿ ನೆರಳು ಬೇಕು, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿನ ಆಮ್ಲಜನಕ ಇಳಿಯುತ್ತದೆ. ಇರುಳಲ್ಲಿ ಗಿಡಗಳೂ ಅದನ್ನೇ ಬಳಸುವುದರಿಂದ ಸೂರ್ಯೋದಯಕ್ಕೆ ಮುನ್ನ ಕೊರತೆ ಅತಿ ಹೆಚ್ಚು. ಸಾಮಾಯಿಕಕ್ಕೆಂದು ಮುಂಜಾವಿನಲ್ಲಿ ಏಳುವ ಗೃಹಸ್ಥನು ಒಮ್ಮೆ ಹಿತ್ತಿಲಿಗೆ ಹೋಗಿ ನೋಡಲಿ. ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದು ಹಸಿವಲ್ಲ, ಉಸಿರುಗಟ್ಟುವಿಕೆ. ಮಕ್ಕಳು ಅದನ್ನು ಆಟವೆಂದು ತಿಳಿದು ಇನ್ನಷ್ಟು ಮಂಡಕ್ಕಿ ಎರಚುತ್ತಾರೆ!

ಅನ್ನಪಾನನಿರೋಧವನ್ನು ತಪ್ಪಿಸಲು ಹೋಗಿ ಅತಿಯಾಗಿ ಉಣಿಸುವುದೂ ಹಿಂಸೆಯಾಗುತ್ತದೆ. ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಹಾಕಬೇಕು. ಉಳಿದದ್ದು ಕೊಳೆತು ಅಮೋನಿಯಾ ಆಗಿ ನೀರನ್ನು ವಿಷವಾಗಿಸುತ್ತದೆ. ರಾತ್ರಿಭೋಜನ ತ್ಯಾಗವುಳ್ಳ ಮನೆಯಲ್ಲಿ ಮೀನಿಗೂ ಸೂರ್ಯಾಸ್ತದ ಬಳಿಕ ಏನನ್ನೂ ಹಾಕದಿರುವುದು ಎಲ್ಲ ರೀತಿಯಿಂದಲೂ ಹಿತ.

ಇಲ್ಲೊಂದು ಸೂಕ್ಷ್ಮವುಂಟು, ಬಹಳ ಮಂದಿ ಇದನ್ನು ಗಮನಿಸಿಲ್ಲ. ಅಂಗಡಿಯಲ್ಲಿ ದೊರೆಯುವ ಮೀನಿನ ಗುಳಿಗೆಗಳಲ್ಲಿ ಸಾಮಾನ್ಯವಾಗಿ ಒಣಮೀನಿನ ಪುಡಿ ಇರುತ್ತದೆ, ಕೆಲವದರಲ್ಲಿ ಸೀಗಡಿಯೂ ಇರುತ್ತದೆ. ಒಂದು ಮೀನಿಗೆ ದಯೆ ತೋರಲು ನೂರು ಮೀನನ್ನು ಕೊಲ್ಲಿಸಿದಂತಾಯಿತು. ಹಿಂಸೆ ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯೆಂಬುದನ್ನು ಬಲ್ಲವರು ಪೊಟ್ಟಣದ ಹಿಂಬದಿಯನ್ನು ಓದದೆ ಕೊಳ್ಳಬಾರದು. ಗೋಲ್ಡ್‌ಫಿಶ್, ಕೋಯಿ ಮೊದಲಾದ ಗೆಂಡೆಯ ಜಾತಿಯ ಮೀನುಗಳು ಅಕ್ಕಿ ತೌಡು, ಸ್ವಲ್ಪ ಕಡಲೆಕಾಯಿ ಹಿಂಡಿ, ಬೇಯಿಸಿದ ಬಟಾಣಿ, ಸೊಪ್ಪು, ಅಜೋಲಾಗಳಿಂದಲೂ ಬದುಕಬಲ್ಲವು. ಮಾಂಸಾಹಾರವಿಲ್ಲದೆ ಬದುಕಲಾರದ ಮೀನು ಜೈನರ ಮನೆಗೆ ಬರಲೇಬಾರದು.

ಹಾಗಾದರೆ ಇರುವ ಮೀನುಗಳನ್ನು ಪರ್ವದ ದಿನ ಕಪಿಲೆಗೆ ಬಿಟ್ಟು ಅಭಯದಾನದ ಪುಣ್ಯ ಗಳಿಸಬಹುದೇ ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ನೀರು ಗಾಳಿಸಿದ ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳನ್ನು ಆ ನೀರು ಬಂದ ಬಾವಿಗೋ ಕೆರೆಗೋ ಮರಳಿಸಬೇಕೆಂಬುದು ಹಿರಿಯರ ಆಚಾರ. ಬೇರೆ ನೀರು ಅವುಗಳಿಗೆ ಮೃತ್ಯುವಾಗಬಹುದೆಂಬುದು ಅದರ ಕಾರಣ. ಕೊಳದ ಬಣ್ಣದ ಮೀನು ಹೊಳೆಯಲ್ಲಿ ಹಕ್ಕಿಗೋ ದೊಡ್ಡ ಮೀನಿಗೋ ಆಹಾರವಾಗುತ್ತದೆ, ಇಲ್ಲವೇ ಉಳಿದು ಬೆಳೆದು ಹೊಳೆಯ ಮೀನುಗಳ ಅನ್ನವನ್ನೇ ಕಸಿಯುತ್ತದೆ. ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ದಕ್ಷಿಣ ಭಾರತದ ಹಲವು ಕೆರೆ, ನದಿಗಳಲ್ಲಿ ಹರಡಿರುವುದನ್ನು ಮೀನುಗಾರರು ಬಲ್ಲರು. ದೇವಾಲಯದ ಕಲ್ಯಾಣಿಗೂ ಇದೇ ಮಾತು.

ಜೈನ ಕಥಾಸಾಹಿತ್ಯದ ಮೃಗಸೇನ ಬೆಸ್ತನು ಯಶೋಧರ ಮುನಿಗಳಿಂದ ಪಡೆದದ್ದು ಅತಿ ಸಣ್ಣ ವ್ರತ: ಬಲೆಗೆ ಮೊದಲು ಬೀಳುವ ಮೀನನ್ನು ಕೊಲ್ಲದೆ ಬಿಡುವುದು. ಅಂದು ಐದು ಸಲವೂ ಅದೇ ಮೀನು ಬಂತು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಅವನು ಐದು ಸಲವೂ ಅದನ್ನು ಬಿಟ್ಟನು. ಮುಂದಿನ ಜನ್ಮದಲ್ಲಿ ಐದು ಸಲ ಮೃತ್ಯುವಿನಿಂದ ಪಾರಾದನು. ಆ ಮೀನು ಪ್ರತಿ ಬಾರಿಯೂ ಸೇರಿದ್ದು ತಾನು ಹುಟ್ಟಿದ ಹೊಳೆಯನ್ನೇ. ಹಿತ್ತಿಲ ಮೀನಿಗೆ ಅಂತಹ ಹೊಳೆ ಯಾವುದೂ ಇಲ್ಲ. ಅದಕ್ಕೆ ಇರುವುದು ಆ ಕೊಳವೊಂದೇ, ಅದರ ಒಡೆಯನೊಬ್ಬನೇ.

ಪರಿಗ್ರಹ ಪರಿಮಾಣ ವ್ರತವುಳ್ಳವರು ಮನೆ, ಹೊಲ, ಹಣ, ದನಕರುಗಳಿಗೆ ಮಿತಿ ಹಾಕಿಕೊಳ್ಳುವಂತೆ ಮೀನಿಗೂ ಹಾಕಿಕೊಳ್ಳಬಹುದು. ಇದ್ದವು ಆಯುಷ್ಯ ಮುಗಿಸುವವರೆಗೆ ಸಾಕಿ, ಅವುಗಳ ಸ್ಥಾನಕ್ಕೆ ಬೇರೆ ತಾರದೆ, ಕೊನೆಗೆ ಕೊಳವನ್ನು ನೈದಿಲೆಗೆ ಬಿಟ್ಟುಕೊಡಬಹುದು. ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲದು, ಕೋಯಿ ಇನ್ನೂ ಹೆಚ್ಚು. ಶ್ರವಣಬೆಳಗೊಳದ ಯಾತ್ರೆಗೆ ಹೊರಡುವ ದಿನವೂ ಆ ಮನೆಯವರು ಬೀಗದ ಕೈಯನ್ನು ನೆರೆಯವರಿಗೆ ಕೊಟ್ಟು, ಕೊಳದ ನೀರು ಎಷ್ಟಿರಬೇಕೆಂದು ತೋರಿಸಿಯೇ ಬಸ್ಸು ಹತ್ತಬೇಕಾಗುತ್ತದೆ.